ಎಸ್ಪೊಸಿಟೊ: 'ಹೊರಗಿಟ್ಟ ಮಗು' ಎಂಬುದೇ ಮನೆತನದ ಹೆಸರಾದ ಕಥೆ

'ಬ್ರೇಕಿಂಗ್ ಬ್ಯಾಡ್' ನೋಡಿದವರು ಗಸ್ ಫ್ರಿಂಗ್‌ನನ್ನು ಮರೆಯೋದು ಕಷ್ಟ. ಮುಂದಿನ ಬಾಗಿಲಲ್ಲಿ ಕೋಳಿ ಹೋಟೆಲಿನ ಸಭ್ಯ ಮಾಲೀಕ, ಹಿಂದಿನ ಬಾಗಿಲಲ್ಲಿ ಡ್ರಗ್ಸ್ ಸಾಮ್ರಾಜ್ಯದ ದೊರೆ. ಆ ಪಾತ್ರ ಮಾಡಿದ ನಟನ ಹೆಸರು ಜಾನ್‌ಕಾರ್ಲೊ ಎಸ್ಪೊಸಿಟೊ. ತಾಯಿ ಆಫ್ರಿಕನ್-ಅಮೆರಿಕನ್ ಗಾಯಕಿ, ತಂದೆ ಇಟಲಿಯ ನೇಪಲ್ಸ್‌ನವರು. ಸರ್‌ನೇಮ್ ಬಂದಿದ್ದು ತಂದೆಯಿಂದ. ಕಿವಿಗೆ ಗತ್ತಿನ ಹೆಸರು. ಯಾವುದೋ ಹಳೆಯ ಜಮೀನ್ದಾರಿ ಕುಟುಂಬದ್ದು ಇರಬೇಕು ಅನ್ನಿಸುತ್ತೆ.

ಅಲ್ಲ. ಎಸ್ಪೊಸಿಟೊ ಅಂದರೆ 'ಹೊರಗೆ ಇಡಲ್ಪಟ್ಟದ್ದು'. ಲ್ಯಾಟಿನ್‌ನ 'ಎಕ್ಸ್‌ಪೊಸಿಟಸ್' ಎಂಬ ಪದ ಅದರ ಮೂಲ. ಹೆತ್ತವರು ಬಿಟ್ಟುಹೋದ ಶಿಶುವಿಗೆ ಚರ್ಚಿನವರು ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಪದ ಅದು. ಇವತ್ತಿನ ಇಟಾಲಿಯನ್ ಭಾಷೆಯಲ್ಲಿ ಅದೇ ಅರ್ಥಕ್ಕೆ 'ಎಸ್ಪೊಸ್ಟೊ' ಅನ್ನುತ್ತಾರೆ. ಹೆಸರಿನಲ್ಲಿ ಉಳಿದುಕೊಂಡಿರುವ ಆ ನಡುವಿನ 'ಸಿ' ಗುಮಾಸ್ತನ ಲ್ಯಾಟಿನ್‌ನ ಪಳೆಯುಳಿಕೆ.

ಇದೇನೂ ಮೂಲೆಯಲ್ಲಿರುವ ಅಪರೂಪದ ಹೆಸರಲ್ಲ. ರೊಸ್ಸಿ, ರುಸ್ಸೊ, ಫೆರಾರಿ ಇವುಗಳ ಜೊತೆ ಇಟಲಿಯ ಅತಿ ಸಾಮಾನ್ಯ ಸರ್‌ನೇಮ್‌ಗಳ ಪಟ್ಟಿಯ ಮೇಲ್ತುದಿಯಲ್ಲೇ ಇದೆ. ನೇಪಲ್ಸ್‌ನಲ್ಲಂತೂ ಮೊದಲ ಸ್ಥಾನ. ರೊಸ್ಸಿ ಅಂದರೆ ಕೆಂಪು ಕೂದಲಿನವರು, ಫೆರಾರಿ ಅಂದರೆ ಕಮ್ಮಾರರು. ಯಾರೋ ಒಬ್ಬ ಪೂರ್ವಜನ ಬಣ್ಣವೋ ಕಸುಬೋ ಆ ಹೆಸರುಗಳಲ್ಲಿದೆ. ಎಸ್ಪೊಸಿಟೊದಲ್ಲಿ ಪೂರ್ವಜನೇ ಇಲ್ಲ. 'ಇವರ ಹಿಂದೆ ಯಾರಿದ್ದರೋ ಗೊತ್ತಿಲ್ಲ' ಎಂಬುದೇ ಆ ಹೆಸರಿನ ಒಟ್ಟು ಮಾಹಿತಿ.

ಗೋಡೆಯಲ್ಲೊಂದು ಚಕ್ರ

ನೇಪಲ್ಸ್‌ನ ಹಳೆಯ ಭಾಗದಲ್ಲಿ, ಫೊರ್ಚೆಲ್ಲಾ ಎಂಬ ಬಡವರ ಬೀದಿಗಳ ಹತ್ತಿರ, ಸಾಂಟಿಸಿಮಾ ಅನುನ್ಸಿಯಾಟಾ ಎಂಬ ದೊಡ್ಡ ಧಾರ್ಮಿಕ ಸಂಸ್ಥೆಯಿದೆ. ಹುಟ್ಟಿದ್ದು 14ನೇ ಶತಮಾನದಲ್ಲಿ. ಚರ್ಚು, ಆಸ್ಪತ್ರೆ, ಮಕ್ಕಳ ಆಶ್ರಯ ಎಲ್ಲ ಒಂದೇ ಆವರಣದಲ್ಲಿ. ಅದರ ಹೊರಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಹಿಂದೆ ಮರದ ಪೀಪಾಯಿಯಂಥ ಒಂದು ತಿರುಗುವ ಪೆಟ್ಟಿಗೆ. ಇಟಾಲಿಯನ್ನರು ಇದನ್ನು 'ರುವೋಟಾ' ಅಂದರು, ಅಂದರೆ ಚಕ್ರ. ಬೀದಿಯಲ್ಲಿ ನಿಂತವರು ಮಗುವನ್ನು ಅದರಲ್ಲಿಟ್ಟು ತಿರುಗಿಸಿದರೆ ಮಗು ಗೋಡೆಯ ಒಳಗೆ. ಗಂಟೆ ಬಾರಿಸಿದರೆ ಒಳಗಿದ್ದ ಹೆಂಗಸು ಬಂದು ಎತ್ತಿಕೊಳ್ಳುತ್ತಾಳೆ. ಇಟ್ಟವರ ಮುಖ ಅವಳು ನೋಡುವುದಿಲ್ಲ, ಅವಳ ಮುಖ ಇಟ್ಟವರು ನೋಡುವುದಿಲ್ಲ. ಎಂಜಿನಿಯರಿಂಗ್ ಓದಿದವನಾಗಿ ಹೇಳುವುದಾದರೆ ಇದು ಅಚ್ಚುಕಟ್ಟಾದ ಡಿಸೈನ್: ವಸ್ತು ದಾಟುತ್ತದೆ, ಗುರುತು ದಾಟುವುದಿಲ್ಲ.

ಒಳಗೆ ಬಂದ ಮಗುವನ್ನು ತೊಳೆದು, ದೀಕ್ಷಾಸ್ನಾನ ಮಾಡಿಸಿ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಯಾವ ದಿನ, ಯಾವ ಹೊತ್ತು, ಅಂದಾಜು ವಯಸ್ಸೆಷ್ಟು, ಮೈಮೇಲೆ ಯಾವ ಬಟ್ಟೆ, ಜೊತೆಗೆ ಚೀಟಿ ಇತ್ತೋ ಇಲ್ಲವೋ. ಕೊರಳಿಗೆ ಸೀಸದ ಒಂದು ಬಿಲ್ಲೆ ಕಟ್ಟುತ್ತಿದ್ದರು, ಒಂದು ಮಗು ಇನ್ನೊಂದರ ಜೊತೆ ಅದಲುಬದಲಾಗಬಾರದಲ್ಲ. 17ನೇ ಶತಮಾನದಿಂದೀಚಿನ ಆ ರಿಜಿಸ್ಟರುಗಳು ಇವತ್ತಿಗೂ ಇವೆ. ಚಕ್ರವಿದ್ದ ಜಾಗವನ್ನೂ ಹೋಗಿ ನೋಡಬಹುದು. ಒಂದೆರಡು ವರ್ಷದ ಮಕ್ಕಳಿಗೂ ಎಣ್ಣೆ ಸವರಿ ಆ ಕಿಂಡಿಯಲ್ಲಿ ತೂರಿಸುತ್ತಿದ್ದರು ಎಂಬ ಕಥೆಯನ್ನು ನೇಪಲ್ಸ್‌ನವರು ಈಗಲೂ ಹೇಳ್ತಾರೆ.

ಊರವರ ಬಾಯಲ್ಲಿ ಈ ಮಕ್ಕಳು 'ಮಡೋನ್ನಾಳ ಮಕ್ಕಳು', ಅಂದರೆ ಮೇರಿ ಮಾತೆಯ ಮಕ್ಕಳು. ಸಂಸ್ಥೆಗೆ ರಾಜಮನೆತನದ ಪೋಷಣೆ ಇತ್ತು, ಇಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಮದುವೆಗೆ ವರದಕ್ಷಿಣೆಯನ್ನೂ ಸಂಸ್ಥೆಯೇ ಹೊಂದಿಸುತ್ತಿತ್ತು. ಆದ್ದರಿಂದ ಇದನ್ನು ಬರೀ ಕ್ರೌರ್ಯದ ಕಥೆಯಾಗಿ ಓದಬೇಡಿ. ಕರುಣೆಯೂ ಇತ್ತು, ಅದಕ್ಕೊಂದು ಲೆಕ್ಕಪುಸ್ತಕವೂ ಇತ್ತು. ಬಹುಪಾಲು ಶಿಶುಗಳನ್ನು ಹಾಲೂಡಿಸಲು ಹಳ್ಳಿಯ ಬಡ ಹೆಂಗಸರ ಮನೆಗೆ, ಸಂಬಳ ಕೊಟ್ಟು, ಕಳಿಸುತ್ತಿದ್ದರು. ಎಷ್ಟೋ ಶಿಶುಗಳು ಮೊದಲ ವರ್ಷ ದಾಟುತ್ತಿರಲಿಲ್ಲ. ಕಿಕ್ಕಿರಿದ ಕೋಣೆ, ಸಾಲದ ಹಾಲು, ಸೋಂಕು. ಬದುಕಿದವರಲ್ಲಿ ಕೆಲವರು ಸಾಕಿದ ಮನೆಯಲ್ಲೇ ಉಳಿದರು. ನೇಪಲ್ಸ್ ಸುತ್ತಮುತ್ತಲ ಹಳ್ಳಿಗಳಿಗೂ ಎಸ್ಪೊಸಿಟೊ ಹಬ್ಬಿದ್ದಕ್ಕೆ ಇದೊಂದು ಕಾರಣ.

ಒಂದೊಂದು ಊರಿಗೆ ಒಂದೊಂದು ಹೆಸರು

ಚಕ್ರದ ಮೂಲದ ಬಗ್ಗೆ ರೋಮ್‌ನಲ್ಲಿ ಒಂದು ದಂತಕಥೆಯಿದೆ. 12ನೇ ಶತಮಾನದ ಕೊನೆಯಲ್ಲಿ ಟೈಬರ್ ನದಿಯ ಮೀನುಗಾರರ ಬಲೆಗೆ ಮೀನಿನ ಬದಲು ಸತ್ತ ಹಸುಗೂಸುಗಳು ಸಿಕ್ಕವಂತೆ. ಅದರಿಂದ ಕಲಕಿಹೋದ ಪೋಪ್ 3ನೇ ಇನ್ನೊಸೆಂಟ್, ಸಾಂಟೊ ಸ್ಪಿರಿಟೊ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ಜಾಗ ಮಾಡಿದರಂತೆ. ಆ ಆಸ್ಪತ್ರೆಯ ಹಳೆಯ ವಾರ್ಡಿನ ಗೋಡೆಗಳ ಮೇಲೆ ಈ ಕಥೆಯ ಚಿತ್ರಗಳೇ ಇವೆ. ರೋಮ್ ತನ್ನ ಮಕ್ಕಳಿಗೆ ಕೊಟ್ಟ ಹೆಸರು ಎಸ್ಪೊಸಿಟೊಗಿಂತ ಒರಟು: ಪ್ರೊಯೆಟ್ಟಿ. 'ಎಸೆಯಲ್ಪಟ್ಟವರು' ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. 2020ರಲ್ಲಿ ತೀರಿಕೊಂಡ, ರೋಮ್ ತನ್ನ ಮನೆಮಗ ಎಂದು ಎತ್ತಿ ಮೆರೆಸಿದ ನಟ ಜಿಜಿ ಪ್ರೊಯೆಟ್ಟಿಯ ಹೆಸರಿನಲ್ಲೂ ಅದೇ ಪದವಿದೆ.

ಫ್ಲಾರೆನ್ಸ್ ಸ್ವಲ್ಪ ಮೆದು. ರೇಷ್ಮೆ ವರ್ತಕರ ಸಂಘದ ದುಡ್ಡಿನಲ್ಲಿ, 1419ರಲ್ಲಿ, ಬ್ರುನೆಲೆಸ್ಕಿಯ ವಿನ್ಯಾಸದಲ್ಲಿ ಅಲ್ಲಿ ಮಕ್ಕಳ ಆಶ್ರಯವೊಂದರ ಕಟ್ಟಡ ಶುರುವಾಯಿತು. ವಾಸ್ತುಶಿಲ್ಪದ ಪಠ್ಯಪುಸ್ತಕಗಳಲ್ಲಿ ಪುನರುಜ್ಜೀವನ ಕಾಲದ ಮೊದಲ ಮಹತ್ವದ ಕಟ್ಟಡಗಳಲ್ಲಿ ಒಂದು ಎಂದು ತೋರಿಸುವ ಆ ಕಮಾನುಗಳ ಸಾಲು ಅರಮನೆಯದ್ದಲ್ಲ, ಬಿಟ್ಟುಹೋದ ಮಕ್ಕಳ ಮನೆಯದ್ದು. 1445ರ ಫೆಬ್ರವರಿ 5ರಂದು ಮೊದಲ ಮಗು ಬಂತು. ಹೆಣ್ಣು. ಅಂದು ಸಂತ ಅಗಾತಾಳ ಹಬ್ಬವಾದ್ದರಿಂದ ಅವಳಿಗೆ ಅಗಾತಾ ಸ್ಮೆರಾಲ್ಡಾ ಎಂದು ಹೆಸರಿಟ್ಟರು. ಸಂಸ್ಥೆಯ ಹೆಸರು 'ಮುಗ್ಧರ ಆಸ್ಪತ್ರೆ', ಅಲ್ಲಿಂದ ಹುಟ್ಟಿದ ಸರ್‌ನೇಮ್‌ಗಳು ಇನ್ನೊಚೆಂಟಿ, ನೊಚೆಂಟಿನಿ. ಅಂದರೆ 'ನಿರಪರಾಧಿ'. ಯಾವ ಅಪರಾಧ ಅಂತ ಕೇಳಬಾರದು!

ಅಲ್ಲಿನ ಮ್ಯೂಸಿಯಂನಲ್ಲಿ ಸಣ್ಣ ಸಣ್ಣ ಖಾನೆಗಳಲ್ಲಿ ಇಟ್ಟಿರುವ ವಸ್ತುಗಳಿವೆ: ಅರ್ಧಕ್ಕೆ ತುಂಡರಿಸಿದ ನಾಣ್ಯ, ಒಡೆದ ಪದಕ, ಬಟ್ಟೆಯ ಚೂರು. ಮಗುವಿನ ಜೊತೆ ಅರ್ಧ ಇಟ್ಟು ಇನ್ನರ್ಧವನ್ನು ತಾಯಿ ತನ್ನ ಹತ್ತಿರವೇ ಉಳಿಸಿಕೊಳ್ಳುತ್ತಿದ್ದಳು. ಮುಂದೊಂದು ದಿನ ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಬಂದು, ಅರ್ಧಕ್ಕೆ ಅರ್ಧ ಜೋಡಿಸಿ, ಇದು ನನ್ನ ಕೂಸು ಅಂತ ಹೇಳಬೇಕಲ್ಲ. ಮ್ಯೂಸಿಯಂನಲ್ಲಿ ಉಳಿದಿರುವುದು ಮಗುವಿನ ಪಾಲಿನ ಅರ್ಧಗಳು.

ಮಿಲಾನ್‌ನ ದೊಡ್ಡಾಸ್ಪತ್ರೆಯ ಲಾಂಛನದಲ್ಲಿ ಪಾರಿವಾಳ ಇತ್ತು, ಅಲ್ಲಿನ ಮಕ್ಕಳು ಕೊಲಂಬೊ ಆದರು. (ಕ್ರಿಸ್ಟೊಫರ್ ಕೊಲಂಬಸ್‌ಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಅವನು ಜಿನೋವಾದವನು, ಪಾರಿವಾಳದ ಹೆಸರು ಬೇರೆ ಕಾರಣಕ್ಕೂ ಬರುತ್ತೆ.) ಬೊಲೋನ್ಯಾದಲ್ಲಿ 'ದೆಲ್ಯಿ ಎಸ್ಪೊಸ್ಟಿ', ಸಿಸಿಲಿಯಲ್ಲಿ 'ಸಿಕ್ಕವನು' ಎಂಬರ್ಥದ ಟ್ರೊವಾಟೊ. ಸ್ಪೇನ್‌ನಲ್ಲಿ ಅದೇ ಲ್ಯಾಟಿನ್ ಪದ ಎಕ್ಸ್‌ಪೋಸಿಟೊ ಆಗಿ, ಅಲ್ಲಿಂದ ಲ್ಯಾಟಿನ್ ಅಮೆರಿಕಕ್ಕೂ ದಾಟಿತು.

ಡೀಫಾಲ್ಟ್ ವ್ಯಾಲ್ಯೂ

ಇಷ್ಟೊಂದು ಎಸ್ಪೊಸಿಟೊಗಳು ಎಲ್ಲಿಂದ ಬಂದರು ಅನ್ನೋದನ್ನು ಡೇಟಾಬೇಸ್ ಗೊತ್ತಿರುವವರು ಸುಲಭವಾಗಿ ಹಿಡಿದುಬಿಡ್ತಾರೆ. 1563ರಲ್ಲಿ ಟ್ರೆಂಟ್ ಧರ್ಮಸಭೆ ಪ್ರತಿ ಚರ್ಚೂ ದೀಕ್ಷಾಸ್ನಾನ ಮತ್ತು ಮದುವೆಗಳ ದಾಖಲೆ ಇಡಬೇಕು ಎಂದು ಕಡ್ಡಾಯ ಮಾಡಿತು. ಫಾರಂ ಬಂದ ಮೇಲೆ ಖಾಲಿ ಬಿಡುವ ಹಾಗಿಲ್ಲ. ತಂದೆಯ ಹೆಸರಿಲ್ಲದ ಮಗು ಬಂದಾಗ ಆ ಜಾಗದಲ್ಲಿ ಏನೋ ಒಂದು ತುಂಬಬೇಕು. ತುಂಬಿದ ಪದ ಎಸ್ಪೊಸಿಟೊ. ಮೊದಮೊದಲು ಅದು ಮಗುವಿನ ಸ್ಥಿತಿಯ ವಿವರಣೆ ಅಷ್ಟೇ. ಆ ಮಗು ಬೆಳೆದು, ಮದುವೆಯಾಗಿ, ಅದಕ್ಕೊಂದು ಮಗು ಹುಟ್ಟಿದಾಗ ವಿವರಣೆ ವಂಶದ ಹೆಸರಾಯಿತು.

ಸಾಮಾನ್ಯವಾಗಿ ಒಂದು ಸರ್‌ನೇಮ್ ಕಾಲ ಕಳೆದಂತೆ ಸವೆಯುತ್ತದೆ. ಗಂಡುಮಕ್ಕಳಿಲ್ಲದ ಕವಲುಗಳು ಒಂದೊಂದಾಗಿ ನಿಲ್ಲುತ್ತವೆ, ಹೊಸ ಕವಲು ಬರಬೇಕಾದರೆ ಹಳೆಯದರಿಂದಲೇ ಬರಬೇಕು. ಎಸ್ಪೊಸಿಟೊಗೆ ಈ ನಿಯಮ ಅನ್ವಯಿಸಲೇ ಇಲ್ಲ. ಚಕ್ರ ತಿರುಗಿದಷ್ಟು ಸಲವೂ ಒಂದು ಹೊಸ ಬೇರು. ಹೀಗಾಗಿ ಇಬ್ಬರು ಎಸ್ಪೊಸಿಟೊಗಳು ಬೀದಿಯಲ್ಲಿ ಎದುರಾದರೆ ಅವರು ನೆಂಟರು ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಒಂದೇ ಗೋಡೆಯ ಮೂಲಕ ಬಂದವರು, ಅಷ್ಟೆ.

ಇನ್ನೊಂದು ಲೆಕ್ಕವನ್ನೂ ಹಾಕಿಬಿಡೋಣ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಜಾಗಗಳಿರುತ್ತವೆ. ಸರ್‌ನೇಮ್ ಹೇಳೋದು ಅದರಲ್ಲಿ ಒಬ್ಬರ ಕಥೆಯನ್ನು ಮಾತ್ರ. ಉಳಿದ 1,023 ಮಂದಿಯ ಬಗ್ಗೆ ಅದು ಬಾಯೇ ಬಿಡಲ್ಲ. 'ನಮ್ಮದು ಭಾರಿ ಮನೆತನ' ಅನ್ನುವವರಿಗೂ ಇದೇ ಲೆಕ್ಕ, ಎಸ್ಪೊಸಿಟೊಗೂ ಇದೇ ಲೆಕ್ಕ. ಆದರೆ ಸಮಾಜ ಆ ಒಂದನ್ನೇ ನೋಡಿ ಸಾಲ ಕೊಡುತ್ತೆ, ಹೆಣ್ಣು ಕೊಡುತ್ತೆ, ಅಥವಾ ಕೊಡಲ್ಲ. 'ಪೂರ್ತಿ ಹೆಸರು ಹೇಳಿ' ಅಂದರೆ ನಿಜಕ್ಕೂ ಏನು ಕೇಳ್ತಿದ್ದಾರೆ ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನನ್ನು ಕೇಳಬಾರದು

ಇಲ್ಲಿಗೆ ರಾಜಕೀಯಕ್ಕೆ ಬರೋಣ. ಚಕ್ರ ಯಾರ ಗುಟ್ಟನ್ನು ಕಾಯುತ್ತಿತ್ತು? ತಾಯಿಯ ಮಾನ ಅಂತ ಎಲ್ಲರೂ ಹೇಳುತ್ತಿದ್ದರು. ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಕರ್ಟ್ಸರ್ 1993ರಲ್ಲಿ ಇಟಲಿಯ ಈ ಮಕ್ಕಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಶೀರ್ಷಿಕೆಯ ಅರ್ಥ 'ಮಾನಕ್ಕಾಗಿ ಬಲಿ'. ಮದುವೆಯಾಗದ ಹೆಣ್ಣು ಗರ್ಭಿಣಿಯಾದರೆ ಮಗುವನ್ನು ಇಟ್ಟುಕೊಳ್ಳುವ ಆಯ್ಕೆಯೇ ಅವಳಿಗೆ ಬಹಳ ಕಡೆ ಇರಲಿಲ್ಲ. ಪಾದ್ರಿ, ಸೂಲಗಿತ್ತಿ, ಪೊಲೀಸ್ ಎಲ್ಲರ ಕಣ್ಣೂ ಅವಳ ಮೇಲೆಯೇ. ಎಷ್ಟೋ ಸಲ ಮಗುವನ್ನು ಬಿಟ್ಟ ಅದೇ ತಾಯಿಯನ್ನು ಆಶ್ರಯದಲ್ಲಿ ಬೇರೆಯವರ ಮಕ್ಕಳಿಗೆ ಹಾಲೂಡಿಸಲು ಹಚ್ಚುತ್ತಿದ್ದರು.

ಅಪ್ಪ? 1804ರ ನೆಪೋಲಿಯನ್ ಸಂಹಿತೆ ಒಂದು ಸಾಲಿನಲ್ಲಿ ವಿಷಯ ಮುಗಿಸಿತು: ತಂದೆ ಯಾರೆಂದು ಹುಡುಕುವುದು ನಿಷಿದ್ಧ. ಒಂದಾದ ಇಟಲಿ 1865ರಲ್ಲಿ ತನ್ನದೇ ನಾಗರಿಕ ಸಂಹಿತೆ ಮಾಡಿಕೊಂಡಾಗ, ಅತ್ಯಾಚಾರ, ಅಪಹರಣದಂಥ ಪ್ರಕರಣಗಳನ್ನು ಬಿಟ್ಟರೆ, ಆ ನಿಷೇಧವನ್ನು ಹಾಗೆಯೇ ಇಟ್ಟುಕೊಂಡಿತು. ಅಂದರೆ ಮಗುವಿನ ಹಣೆಪಟ್ಟಿಯಲ್ಲಿ 'ಬಿಟ್ಟುಹೋದದ್ದು' ಅಂತ ಬರೆಯಬಹುದು, ತಾಯಿಯ ಬೆನ್ನು ಹತ್ತಬಹುದು, ಆದರೆ ಅಪ್ಪ ಯಾರೆಂದು ಕೋರ್ಟಿನಲ್ಲಿ ಕೇಳುವಂತಿಲ್ಲ. ಚಕ್ರ ಮುಚ್ಚಿಟ್ಟದ್ದು ತಾಯಿಯ ಮುಖವನ್ನು ಅನ್ನೋದು ಅರ್ಧ ಸತ್ಯ. ಪೂರ್ತಿಯಾಗಿ ಬಚ್ಚಿಟ್ಟುಕೊಂಡವನು ಅಪ್ಪ. 19ನೇ ಶತಮಾನದ ಸ್ತ್ರೀವಾದಿ ಅನ್ನಾ ಮರಿಯಾ ಮೊಝೋನಿ ಇದನ್ನು ನೇರವಾಗಿ ಹಿಡಿದರು. ವಿಚ್ಛೇದನ, ಮತದಾನದ ಜೊತೆಗೆ ತಂದೆಯನ್ನು ಹುಡುಕುವ ಹಕ್ಕೂ ಅವರ ಬೇಡಿಕೆಗಳ ಪಟ್ಟಿಯಲ್ಲಿತ್ತು.

ಹಾಗಂತ ಚಕ್ರಕ್ಕೆ ಬಂದವರೆಲ್ಲ ಮದುವೆಯಾಚೆ ಹುಟ್ಟಿದ ಮಕ್ಕಳೂ ಅಲ್ಲ. ಬರ, ನಿರುದ್ಯೋಗ ಬಂದಾಗ ಮದುವೆಯಾದ ಬಡವರೂ ಮಕ್ಕಳನ್ನು ತಂದಿಟ್ಟರು. ಮಿಲಾನ್‌ನಂಥ ಕೈಗಾರಿಕಾ ನಗರದಲ್ಲಿ ದುಡಿಯುವ ಹೆಂಗಸರು ಒಂದೆರಡು ವರ್ಷ ಬಿಟ್ಟು ಮಗುವನ್ನು ವಾಪಸ್ ಪಡೆಯುತ್ತಿದ್ದದ್ದೂ ಉಂಟು. ಈಗಿನ ಭಾಷೆಯಲ್ಲಿ ಹೇಳಿದರೆ, ಶಿಶುಪಾಲನಾ ಕೇಂದ್ರವಿಲ್ಲದ ನಗರಕ್ಕೆ ಬಡವರೇ ಕಂಡುಕೊಂಡ ಪರಿಹಾರ. ಆಳುವವರಿಗೆ ಇದೇ ಸಿಟ್ಟು ತರಿಸಿತು. ಖರ್ಚು ಏರಿತು, 'ಪುಕ್ಕಟೆ ಸಾಕಿಸಿಕೊಳ್ತಿದ್ದಾರೆ' ಎಂಬ ಮಾತು ಬಂತು. 1867ರಲ್ಲಿ ಫೆರಾರಾ ನಗರ ಮೊದಲು ಚಕ್ರ ಮುಚ್ಚಿತು. ನೇಪಲ್ಸ್‌ನದು, ಫ್ಲಾರೆನ್ಸ್‌ನದು 1875ರಲ್ಲಿ ನಿಂತವು. ಉಳಿದುಕೊಂಡಿದ್ದ ಚಕ್ರಗಳನ್ನು ದೇಶದಾದ್ಯಂತ ರದ್ದು ಮಾಡಿದ್ದು 1923ರ ನಿಯಮ.

ಹೆಸರು ಬದಲಾದರೆ ಸಾಕೇ?

ಹೆಸರಿನ ಅನ್ಯಾಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಂತಲ್ಲ. ಸ್ಪೇನ್‌ನ ದೊರೆ 4ನೇ ಕಾರ್ಲೊಸ್ 1794ರಲ್ಲೇ ಇಂಥ ಮಕ್ಕಳನ್ನು ಕಾನೂನಿನ ಕಣ್ಣಲ್ಲಿ ಸಕ್ರಮ ಎಂದು ಘೋಷಿಸಿ, ಅವರನ್ನು ಹಾದರಕ್ಕೆ ಹುಟ್ಟಿದವರು ಎಂದು ಬೈದರೆ ಶಿಕ್ಷೆ ಎಂದು ಆಜ್ಞೆ ಹೊರಡಿಸಿದ. ನೇಪಲ್ಸ್‌ನಲ್ಲಿ ನೆಪೋಲಿಯನ್‌ನ ಭಾವ ಜೊವಾಕಿಮ್ ಮುರಾ ದೊರೆಯಾಗಿದ್ದಾಗ (1808-1815) ಹೊಸ ಶಿಶುಗಳಿಗೆ ಎಸ್ಪೊಸಿಟೊ ಎಂದು ಇಡುವುದನ್ನೇ ನಿಷೇಧಿಸಿದ. ಇನ್ನು ಮೇಲೆ ಒಂದೊಂದು ಮಗುವಿಗೆ ಒಂದೊಂದು ಬೇರೆ ಹೆಸರು.

ಉದ್ದೇಶ ಒಳ್ಳೆಯದೇ. ಗುಮಾಸ್ತರು ಮಾತ್ರ ತಿಂಗಳು, ಗಿಡ, ಊರು, ಸಂತರು ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಹೆಸರಾಗಿಸಿದರು. ಹತ್ತೇ ಮನೆತನಗಳಿರುವ ಹಳ್ಳಿಗೆ ಯಾರೂ ಕೇಳದ ಹೆಸರಿನ ಹುಡುಗನೊಬ್ಬ ಬಂದರೆ ಎಲ್ಲಿಂದ ಬಂದವನು ಅಂತ ಊಹಿಸಲು ಯಾರಿಗೂ ಶ್ರಮವಾಗಲಿಲ್ಲ. ಇತ್ತ ಎಸ್ಪೊಸಿಟೊ ಅಷ್ಟೊತ್ತಿಗೆ ಎಷ್ಟು ಸಾಮಾನ್ಯವಾಗಿತ್ತೆಂದರೆ ಅದು ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ. ಕಳಂಕ ಅಳಿಸಲು ತಂದ ಹೊಸ ಹೆಸರುಗಳು ಕಳಂಕ ತೋರಿಸಿದವು, ಕಳಂಕದ ಹಳೆಯ ಹೆಸರು ಗುಂಪಿನಲ್ಲಿ ಕರಗಿತ್ತು. ಪದವನ್ನು ಬದಲಿಸಿ ಪೂರ್ವಗ್ರಹವನ್ನು ಹಾಗೇ ಬಿಟ್ಟರೆ ಆಗೋದು ಇದೇ.

20ನೇ ಶತಮಾನದಲ್ಲೂ ಫಾರಂಗಳ ಕಾಟ ತಪ್ಪಲಿಲ್ಲ. ಇಟಲಿಯ ದಾಖಲೆಗಳಲ್ಲಿ 'ಇಂಥವರ ಮಗ' ಎಂದು ಬರೆಯುವ ಕಡೆ ತಂದೆ ಗೊತ್ತಿಲ್ಲದವರಿಗೆ 'ಎನ್.ಎನ್.' ಎಂದು ಬರೆಯುತ್ತಿದ್ದರು. ಹೆಸರು ಗೊತ್ತಿಲ್ಲ ಎಂಬುದರ ಲ್ಯಾಟಿನ್ ಸಂಕ್ಷೇಪ. ಕೋಡ್ ಬರೆಯುವವರ ಭಾಷೆಯಲ್ಲಿ ನಲ್. ಶಾಲೆಗೆ, ಕೆಲಸಕ್ಕೆ, ಮದುವೆಗೆ ಎಲ್ಲಿ ಕಾಗದ ತೋರಿಸಿದರೂ ಆ ಎರಡಕ್ಷರ ಮೊದಲು ಮಾತಾಡುತ್ತಿತ್ತು. ನೇಪಲ್ಸ್‌ನ ನಾಟಕಕಾರ ಎಡ್ವಾರ್ಡೊ ದೆ ಫಿಲಿಪ್ಪೊ 1946ರಲ್ಲಿ 'ಫಿಲುಮೆನಾ ಮಾರ್ಟುರಾನೊ' ಬರೆದದ್ದು ಈ ಕಾಲದಲ್ಲೇ. ಮೂವರು ಗಂಡುಮಕ್ಕಳ ತಾಯಿ, ಹಿಂದೆ ವೇಶ್ಯೆಯಾಗಿದ್ದವಳು. ಮೂವರಲ್ಲಿ ಒಬ್ಬ ನಿನ್ನ ಮಗ ಅಂತ ಒಬ್ಬ ಶ್ರೀಮಂತನಿಗೆ ಹೇಳ್ತಾಳೆ, ಯಾರು ಅಂತ ಮಾತ್ರ ಹೇಳಲ್ಲ. ಹೇಳಿದರೆ ಆ ಒಬ್ಬನೇ ಮಗನಾಗ್ತಾನೆ, ಉಳಿದಿಬ್ಬರು ಏನಾಗಬೇಕು? ಎಡ್ವಾರ್ಡೊಗೆ ಈ ವಿಷಯ ಪುಸ್ತಕದಿಂದ ಬಂದದ್ದಲ್ಲ. ಅವರು ಪ್ರಸಿದ್ಧ ನಟ-ನಾಟಕಕಾರ ಎಡ್ವಾರ್ಡೊ ಸ್ಕಾರ್ಪೆಟ್ಟಾರ ಮಗ. ಸ್ಕಾರ್ಪೆಟ್ಟಾ ಅವರ ತಾಯಿಯನ್ನು ಮದುವೆಯಾಗಿರಲಿಲ್ಲ. ದೆ ಫಿಲಿಪ್ಪೊ ಅನ್ನೋದು ತಾಯಿಯ ಸರ್‌ನೇಮ್. ಡಿ ಸಿಕಾ 1964ರಲ್ಲಿ ಇದೇ ನಾಟಕವನ್ನು ಸಿನಿಮಾ ಮಾಡಿದಾಗ ನಾಯಕಿಯಾದ ಸೋಫಿಯಾ ಲೊರೆನ್ ಕೂಡ ಮದುವೆಯಾಗದ ತಾಯಿಯ ಮಗಳೇ.

1948ರ ಸಂವಿಧಾನದ 30ನೇ ವಿಧಿ ಮದುವೆಯಾಚೆ ಹುಟ್ಟಿದ ಮಕ್ಕಳನ್ನೂ ಸಾಕುವುದು ಹೆತ್ತವರ ಕರ್ತವ್ಯ ಎಂದಿತು. 1955ರಲ್ಲಿ ಒಂದು ಸಣ್ಣ ಕಾಯ್ದೆ ಬಂದು ಸಾಮಾನ್ಯ ದಾಖಲೆಗಳಿಂದ ತಂದೆ-ತಾಯಿಯ ಕಾಲಂ ತೆಗೆದುಹಾಕಿತು, ಎನ್.ಎನ್. ಕೂಡ ಹೋಯಿತು. 1975ರ ಕುಟುಂಬ ಕಾನೂನು ಸುಧಾರಣೆ ಬಹುಪಾಲು ತಾರತಮ್ಯ ತೆಗೆಯಿತು. 'ಸಕ್ರಮ ಮಗು', 'ಸಹಜ ಮಗು' ಎಂಬ ಎರಡು ಜಾತಿಯನ್ನೇ ಕಾನೂನಿನಿಂದ ಅಳಿಸಲು 2012ರವರೆಗೆ ಕಾಯಬೇಕಾಯಿತು. ಸಂವಿಧಾನ ಬಂದು 64 ವರ್ಷದ ಮೇಲೆ.

ಇವತ್ತಿನ ನಾಗರಿಕ ನೋಂದಣಿ ನಿಯಮ 2000ನೇ ಇಸವಿಯದ್ದು. ಹೆತ್ತವರು ಗೊತ್ತಿಲ್ಲದ ಮಗುವಿಗೆ ಆ ಮೂಲವನ್ನು ಸೂಚಿಸುವ ಹೆಸರನ್ನಾಗಲಿ ಸರ್‌ನೇಮನ್ನಾಗಲಿ ಇಡುವಂತಿಲ್ಲ. ಐತಿಹಾಸಿಕವಾಗಿ ಪ್ರಸಿದ್ಧವಾದ ಅಥವಾ ಆ ಊರಿನಲ್ಲಿ ಹೆಸರಾಂತ ಕುಟುಂಬದ ಸರ್‌ನೇಮನ್ನೂ ಇಡುವಂತಿಲ್ಲ. ಈ ಎರಡನೇ ಷರತ್ತು ಗಮನಿಸಿ. ಅವಮಾನವೂ ಬೇಡ, ದೊಡ್ಡವರ ಹೆಸರಿಗೆ ಕೈಹಾಕುವುದೂ ಬೇಡ. ಮೊದಲನೆಯದು ಮಗುವಿನ ಮೇಲಿನ ಕಾಳಜಿ, ಎರಡನೆಯದು ಯಾರ ಮೇಲಿನ ಕಾಳಜಿ ಅಂತ ನೀವೇ ಯೋಚಿಸಿ.

ಇನ್ನೊಂದು ಗಂಟು ಪೂರ್ತಿ ಬಿಚ್ಚಿಕೊಂಡಿಲ್ಲ. ಇಟಲಿಯಲ್ಲಿ ತಾಯಿ ಆಸ್ಪತ್ರೆಯಲ್ಲಿ ಹೆತ್ತು, ದಾಖಲೆಯಲ್ಲಿ ತನ್ನ ಹೆಸರು ಬೇಡ ಅನ್ನಬಹುದು. ಆ ಗುಟ್ಟು 100 ವರ್ಷ ಭದ್ರ. ಹಾಗೆ ಹುಟ್ಟಿದ ಮಗು ದೊಡ್ಡದಾಗಿ ನನ್ನ ಮೂಲ ಯಾವುದು ಅಂತ ಕೇಳಿದರೆ? 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇಟಲಿ ಆ ಪ್ರಶ್ನೆಗೆ ಕಿವಿಯನ್ನೇ ಕೊಡದಿರುವುದು ತಪ್ಪು ಅಂದಿತು. ಮರುವರ್ಷ ಇಟಲಿಯ ಸಾಂವಿಧಾನಿಕ ನ್ಯಾಯಾಲಯ ಒಂದು ನಡುದಾರಿ ತೆರೆಯಿತು: ನ್ಯಾಯಾಧೀಶರು ಗುಟ್ಟಾಗಿ ತಾಯಿಯನ್ನು ಸಂಪರ್ಕಿಸಿ ಈಗಲೂ ನಿರ್ಧಾರ ಅದೇನಾ ಅಂತ ಕೇಳಬಹುದು. ಅವಳು ಬೇಡ ಅಂದರೆ ಬೇಡ. ನನಗೆ ಇದು ಸರಿ ಅನ್ನಿಸುತ್ತೆ. ಹಳೆಯ ಚಕ್ರದ ಮುಂದೆ ನಿಂತವಳಿಗೆ ಯಾರೂ ಏನನ್ನೂ ಕೇಳಿರಲಿಲ್ಲ, ಇವಳನ್ನು ಎರಡು ಸಲ ಕೇಳುತ್ತಾರೆ.

ಎಸ್ಪೊಸಿಟೊಗಳು ಈ ನಡುವೆ ತಮ್ಮ ಪಾಡಿಗೆ ತಾವು ಎಲ್ಲೆಡೆ ಹರಡಿಕೊಂಡಿದ್ದಾರೆ. ಕೆನಡಾದ ಐಸ್ ಹಾಕಿಯ ದಂತಕಥೆಗಳಾದ ಫಿಲ್ ಮತ್ತು ಟೋನಿ ಸಹೋದರರು. 1889ರಲ್ಲಿ ರಾಣಿ ಮಾರ್ಗರಿಟಾಗೆ ಪಿಝಾ ಮಾಡಿಕೊಟ್ಟ ಎಂದು ಪ್ರಸಿದ್ಧನಾದ ನೇಪಲ್ಸ್‌ನ ರಫಾಯೆಲೆ ಎಸ್ಪೊಸಿಟೊ (ಇತಿಹಾಸಕಾರರು ಈ ಕಥೆಯನ್ನು ಅಷ್ಟಾಗಿ ನಂಬಲ್ಲ, ಪಿಝಾ ಮಾರುವವರು ನಂಬುತ್ತಾರೆ). ನನಗೆ ಎಲ್ಲರಿಗಿಂತ ಇಷ್ಟ ತತ್ವಶಾಸ್ತ್ರಜ್ಞ ರೊಬೆರ್ಟೊ ಎಸ್ಪೊಸಿಟೊ. ಅವರ 'ಕಮ್ಯುನಿಟಾಸ್' (1998), 'ಇಮ್ಯುನಿಟಾಸ್' (2002) ಪುಸ್ತಕಗಳು ಕೇಳುವುದು ಸಮುದಾಯ ಅಂದರೆ ಏನು, ಅದು ತನ್ನನ್ನು ಕಾಪಾಡಿಕೊಳ್ಳುವ ಹೆಸರಲ್ಲಿ ಯಾರನ್ನು ಹೊರಗಿಡುತ್ತದೆ ಎಂದು. 'ಹೊರಗಿಟ್ಟವನು' ಎಂಬ ಹೆಸರಿನವರೇ ಈ ಪ್ರಶ್ನೆ ಕೇಳಿದ್ದು ಕಾಕತಾಳೀಯ. ಆದರೂ ಬರೆಯದೆ ಬಿಡಲು ಮನಸ್ಸಾಗಲಿಲ್ಲ.

ಅಪ್ಪನ ಸರ್‌ನೇಮ್ ತಾನಾಗಿಯೇ ಮಗುವಿಗೆ ಬರಬೇಕು ಎಂಬ ನಿಯಮವನ್ನು ಇಟಲಿಯ ಸಾಂವಿಧಾನಿಕ ನ್ಯಾಯಾಲಯ 2022ರಲ್ಲಿ ಅಸಾಂವಿಧಾನಿಕ ಎಂದು ಹೊಡೆದುಹಾಕಿತು. ಈಗ ಮಗುವಿಗೆ ಇಬ್ಬರ ಹೆಸರೂ, ಇಬ್ಬರೂ ಒಪ್ಪಿದ ಕ್ರಮದಲ್ಲಿ. ಒಬ್ಬರದೇ ಸಾಕು ಎಂದು ಇಬ್ಬರೂ ಒಪ್ಪಿದರೆ ಮಾತ್ರ ಒಂದು. ಹೀಗೇ ಬಿಟ್ಟರೆ ತಲೆಮಾರಿಗೊಮ್ಮೆ ಸರ್‌ನೇಮ್‌ಗಳು ದುಪ್ಪಟ್ಟಾಗುತ್ತವಲ್ಲ, ಅದಕ್ಕೊಂದು ಕಾನೂನು ಮಾಡಿ ಅಂತ ಸಂಸತ್ತಿಗೆ ಹೇಳಿತು.

ಚಕ್ರಕ್ಕೂ ಈಗ ಹೊಸ ರೂಪ ಬಂದಿದೆ. ಕೆಲವು ಆಸ್ಪತ್ರೆಗಳ ಗೋಡೆಯಲ್ಲಿ 'ಬದುಕಿನ ತೊಟ್ಟಿಲು' ಎಂಬ ಬೆಚ್ಚಗಿನ ಕಿಂಡಿಯಿದೆ. ಬಾಗಿಲು ತೆರೆದು ಮಗುವನ್ನು ಇಟ್ಟರೆ ಒಳಗೆ ಅಲಾರಂ ಬಾರಿಸುತ್ತೆ, ಇಟ್ಟವರ ಗುರುತು ಯಾರಿಗೂ ಸಿಗಲ್ಲ. 2023ರ ಈಸ್ಟರ್ ಭಾನುವಾರ ಮಿಲಾನ್‌ನಲ್ಲಿ ಒಂದು ಗಂಡುಮಗು ಹಾಗೆ ಸಿಕ್ಕಿತು. ಹಿಂದೆ ಮಕ್ಕಳಿಗೆ ಪಾರಿವಾಳದ ಹೆಸರಿಟ್ಟಿತ್ತಲ್ಲ, ಅದೇ ದೊಡ್ಡಾಸ್ಪತ್ರೆಯ ಈಗಿನ ಆವರಣದಲ್ಲಿ. ಜೊತೆಗೊಂದು ಚೀಟಿ ಇತ್ತು. ಅದರಲ್ಲಿ ತಾಯಿ ತಾನಿಟ್ಟ ಹೆಸರನ್ನು ಬರೆದಿದ್ದಳು.